ಬರಿಹೊಟ್ಟೆ

ಆಪರೇಷನ್ ಆಗುವವರೆಗೆ ಮೈನಾಳಿಗೆ ಏನೂ ಕೊಡುವಂತಿರಲಿಲ್ಲ. ಮೊಮ್ಮಗಳು ಅತ್ತಾಗಲೆಲ್ಲ ಅಜ್ಜಿಯ ಕೈ ನೀರಿನ ಲೋಟದತ್ತ ಹೋಗುತ್ತಿತ್ತು.

"ಒಂದೇ ಗುಟುಕು ನೀರು ಕೊಡ್ಲೇನೇ?"

"ಬೇಡ ಅತ್ತೆ. ಪ್ರಜ್ಞೆ ತಪ್ಪಿಸಿದ್ಮೇಲೆ ವಾಂತಿಯಾದ್ರೆ ಉಸಿರು ಕಟ್ಟಿಬಿಡುತ್ತೆ," ಎಂದಳು ಸೊಸೆ.

"ಗೊತ್ತು ಕಣೆ. ಗೊತ್ತಿದ್ರೂ ಕೈ ತಡೀಬೇಕಲ್ಲ!"

ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವ ಸೊಸೆ ಸಣ್ಣಗೆ ನಕ್ಕಳು. "ನಿಜವಾಗಿ ಗೊತ್ತಿರೋರು ತಪ್ಪು ಮಾಡಲ್ಲ ಅತ್ತೆ. ಗ್ರೀಕರು ಯಾವತ್ತೋ ಹೇಳಿದ್ದಾರೆ."

ತನ್ನ ಮೇಲೆ ತನಗೇ ನಂಬಿಕೆ ಸಾಲದೆ ಅಜ್ಜಿ ಹೊರಗೆ ಹೋಗಿ ಕುಳಿತರು. ಅವರು ಮತ್ತೆ ಒಳಗೆ ಬರುವಷ್ಟರಲ್ಲಿ ನರ್ಸ್ ಬಂದಿದ್ದರು.

"ಮಗು ಏನೂ ತಿಂದಿಲ್ಲ ತಾನೇ?"

"ಒಂದು ಹನಿ ನೀರೂ ಕುಡಿದಿಲ್ಲ ಸಿಸ್ಟರ್," ಎಂದಳು ಸೊಸೆ.

ಸ್ಟ್ರೆಚರ್ ಹೊರಟಾಗ ಮೈನಾ ಅಜ್ಜಿಯನ್ನು ಬಳಿಗೆಳೆದು ಪಿಸುಗುಟ್ಟಿದಳು: "ಅಜ್ಜಿ, ಅಮ್ಮ ಬಿಸ್ಕತ್ತು ಕೊಟ್ಟಿದ್ದು ಯಾರಿಗೂ ಹೇಳ್ಬಾರ್ದಂತೆ."