ಜೈಂಟ್ ವೀಲ್ ತಿರುಗಿದ ಭಾನುವಾರ

ಬೀಗದೊಳಗೆ ಕೀಲಿ ತೂರಿಸಿದ ಕದರಯ್ಯ ಅದನ್ನು ತಿರುಗಿಸಲಿಲ್ಲ. ಕೈ ಅಲ್ಲೇ ಇಟ್ಟುಕೊಂಡು ಹಿಂದಕ್ಕೆ ನೋಡಿದ.

"ತೆಗೀಬೌದು ಅಂತ ಬರೀತೀರೋ, ಬ್ಯಾಡ ಅಂತ ಬರೀತೀರೋ ಮೇಡಂ?"

"ಇನ್ನೂ ಒಳಗೇ ಬಂದಿಲ್ವಲ್ಲ," ಎಂದಳು ನೇತ್ರಾವತಿ.

ಅವನು ತಲೆಯಾಡಿಸಿ ಗೇಟು ತೆರೆದ.

ಗುಬ್ಬಿ ರಸ್ತೆಯ ಆ ಅಮ್ಯೂಸ್‌ಮೆಂಟ್ ಪಾರ್ಕ್ ಮುಚ್ಚಿ ಏಳನೆಯ ವರ್ಷ ನಡೆಯುತ್ತಿತ್ತು. ಮತ್ತೆ ತೆರೆದರೆ ಗಿಟ್ಟುತ್ತದೆಯೇ ಎಂದು ನೋಡಿ ವರದಿ ಕೊಡುವುದು ನೇತ್ರಾವತಿಯ ಕೆಲಸ. ಮಾಲೀಕ ಅಂಜನ್‌ಕುಮಾರ್ ಫೋನಿನಲ್ಲಿ ನೇರವಾಗಿಯೇ ಹೇಳಿದ್ದರು: "ನನಗೂ ಸಾಕಾಗಿದೆ. ನೀವು ಬೇಡ ಅಂದ್ರೆ ಅವತ್ತೇ ಕೈ ತೊಳ್ಕೋತೀನಿ. ಆಗುತ್ತೆ ಅಂದ್ರೆ ಇನ್ನೊಂದು ಸಲ ನೋಡ್ತೀನಿ."

ಕದರಯ್ಯ ಹಿಂದೆ ಅಲ್ಲಿ ಜೈಂಟ್ ವೀಲ್ ಓಡಿಸುತ್ತಿದ್ದವನು. ಮುಚ್ಚಿದ ಮೇಲೆ ಕಾವಲುಗಾರ. ಅವಳಿಂದ ಅವನು ಏನನ್ನೂ ಮುಚ್ಚಿಡಲಿಲ್ಲ. ನೀರಿನ ಜಾರುಬಂಡೆಯ ಬಿರುಕಿನೊಳಗೆ ಬೆರಳು ತೂರಿಸಿ ತೋರಿಸಿದ. ಪುಟಾಣಿ ರೈಲಿನ ಹಳಿಯನ್ನು ಕಾಲಿನಿಂದ ಒದ್ದ. ತುಕ್ಕು ಚಕ್ಕೆಚಕ್ಕೆಯಾಗಿ ಉದುರಿತು.

"ಇದ್ರ ಬೇರಿಂಗು ಹೋಗೈತೆ. ಅದನ್ನೂ ಬರ್ಕೊಳಿ."

ಇಂಥ ಪ್ರಾಮಾಣಿಕ ಮನುಷ್ಯನನ್ನು ಅವಳು ಈ ಕೆಲಸದಲ್ಲಿ ಕಂಡಿರಲಿಲ್ಲ. ಇನ್ನೊಂದೂ ಅವಳ ಕಣ್ಣಿಗೆ ಬಿತ್ತು. ಯಂತ್ರಗಳೆಲ್ಲ ತುಕ್ಕು ಹಿಡಿದಿದ್ದರೂ ಅವುಗಳ ನಡುವಿನ ನೆಲದಲ್ಲಿ ಒಂದು ಪಾರ್ಥೇನಿಯಂ ಗಿಡವೂ ಇರಲಿಲ್ಲ. ಎಣ್ಣೆ, ಬಣ್ಣ ಕೊಡಿಸುವವರಿಲ್ಲ, ಪಾಪ. ಕೈಯಲ್ಲಾಗುವುದನ್ನು ಮಾಡಿದ್ದಾನೆ ಎಂದುಕೊಂಡಳು.

"ಇಷ್ಟು ಜಾಗದ ಕಳೆ ನೀವೊಬ್ರೇ ಕೀಳ್ತೀರಾ?"

"ದಿನಾ ಒಂದಿಷ್ಟು. ಬುಟ್ರೆ ಆಮೇಲೆ ಕೈಗೆ ಸಿಗಾಕಿಲ್ಲ."

"ಬೇರೆ ಕಡೆ ಕೆಲಸ ಸಿಗಲಿಲ್ವಾ?"

"ಹಿರೇಹಳ್ಳಿ ಫ್ಯಾಕ್ಟ್ರಿಲಿ ಕರೆದ್ರು. ಡಬ್ಬಲ್ ಸಂಬಳ. ಇದನ್ನ ಬುಟ್ಟು ಹೋಗಕ್ಕೆ ಮನಸು ಬರ್ಲಿಲ್ಲ."

ಮಧ್ಯಾಹ್ನ ಅವನ ಹೆಂಡತಿ ಪುಟ್ಟಗಂಗಮ್ಮ ಮುದ್ದೆ, ಬಸ್ಸಾರು ತಂದಳು. ನೇತ್ರಾವತಿಗೂ ಒತ್ತಾಯ ಮಾಡಿ ಬಡಿಸಿದಳು. ಮೂವರೂ ಜೈಂಟ್ ವೀಲ್ ಕೆಳಗಿನ ಕಟ್ಟೆಯ ಮೇಲೆ ಕೂತು ಉಂಡರು. ಪುಟ್ಟಗಂಗಮ್ಮ ಸುತ್ತಲೂ ಕಣ್ಣು ಹಾಯಿಸಿ ಗಂಡನನ್ನು ಮೆಲ್ಲಗೆ ಕೇಳಿದಳು.

"ಈ ಸತಿ ಆಯ್ತದಾ?"

"ಆಯ್ತದೆ ಬುಡು. ಮೇಡಂ ಇದ್ದದ್ದು ಇದ್ದಂಗೆ ಬರೀತಾರೆ."

"ನನ್ ಕಣ್ಮುಂದೆ ಆಗ್ಬುಟ್ರೆ ಸಾಕು," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೇತ್ರಾವತಿ ತಟ್ಟೆ ನೋಡುತ್ತಾ ಮುದ್ದೆ ಮುರಿದಳು.

ಮರಳೂರಿನ ಮನೆಯಲ್ಲಿ ಕೂತು ಲೆಕ್ಕ ಮುಗಿಸಲು ಒಂದು ವಾರ ಹಿಡಿಯಿತು. ಎತ್ತ ತಿರುಗಿಸಿದರೂ ಉತ್ತರ ಒಂದೇ. ಶಾಲೆಯ ಪ್ರವಾಸದ ಬಸ್ಸುಗಳು ಈಗ ಬೆಂಗಳೂರಿನ ದೊಡ್ಡ ಪಾರ್ಕುಗಳಿಗೆ ಹೋಗುತ್ತವೆ. ಕುಣಿಗಲ್, ಗುಬ್ಬಿ ಕಡೆಯವರು ಒಮ್ಮೆ ಬಂದರೆ ಇನ್ನೆರಡು ವರ್ಷ ಬರುವುದಿಲ್ಲ. ವಾರದಲ್ಲಿ ಐದು ದಿನ ಗೇಟಿನಲ್ಲಿ ನೊಣ ಹೊಡೆಯಬೇಕು. 'ಮತ್ತೆ ತೆರೆಯುವುದು ಸೂಕ್ತವಲ್ಲ' ಎಂದು ಟೈಪ್ ಮಾಡಿದಳು.

ಹಿಂದಿನ ವರ್ಷ ಇಂಥದೇ ಒಂದು ಸಾಲು ಬರೆದು ಒಂದು ಎಣ್ಣೆ ಗಿರಣಿ ಮುಚ್ಚಿಸಿದ್ದಳು. ಗೇಟಿನ ಹೊರಗೆ ಊಟದ ಡಬ್ಬಿ ಹಿಡಿದು ನಿಂತಿದ್ದವರನ್ನು ಮರೆಯಲು ಅವಳಿಂದ ಇನ್ನೂ ಆಗಿರಲಿಲ್ಲ. ಆ ಸಾಲನ್ನು ಅಳಿಸಿದಳು. 'ಮೊದಲಿಗೆ ಜೈಂಟ್ ವೀಲ್ ಒಂದನ್ನೇ ದುರಸ್ತಿ ಮಾಡಿಸಿ, ಭಾನುವಾರಗಳಂದು ಓಡಿಸಿ ನೋಡಬಹುದು' ಎಂದು ಬರೆದಳು. ಹತ್ತು ವರ್ಷದಲ್ಲಿ ಲೆಕ್ಕಕ್ಕೆ ವಿರುದ್ಧವಾಗಿ ಅವಳು ಬರೆದ ಮೊದಲ ಸಾಲು ಅದು.

ಅಂಜನ್‌ಕುಮಾರ್ ಹಾಗೇ ಮಾಡಿದರು. ಪರವಾನಗಿ ಸಿಕ್ಕಿ ಪಾರ್ಕ್ ತೆರೆಯುವ ಹೊತ್ತಿಗೆ ಎರಡು ತಿಂಗಳಾಯಿತು. ಮೊದಲ ಭಾನುವಾರ ನೇತ್ರಾವತಿ ಉಪ್ಪಾರಹಳ್ಳಿಯ ಅಕ್ಕನ ಮಕ್ಕಳನ್ನೂ ಕರೆದುಕೊಂಡು ಹೋದಳು. ಸ್ವಿಚ್ ಒತ್ತಲು ಕದರಯ್ಯನನ್ನೇ ಕರೆದರು. ಅವನು ಕೈ ಮುಗಿದು ಹಿಂದೆ ಸರಿದ. ಭಾವುಕನಾಗಿದ್ದಾನೆ ಎಂದುಕೊಂಡಳು. ದುರಸ್ತಿ ಮಾಡಿದ್ದ ಮೆಕ್ಯಾನಿಕ್ ಲಕ್ಷ್ಮೀಕಾಂತನೇ ಒತ್ತಿದ. ವೀಲ್ ಕಿರುಗುಟ್ಟುತ್ತಾ ಎದ್ದು ಒಂದು ಸುತ್ತು ಬಂತು. ಪುಟ್ಟಗಂಗಮ್ಮ ಬಂದಿರಲಿಲ್ಲ, ಮೈಗೆ ಹುಷಾರಿಲ್ಲವಂತೆ.

ಸಂಜೆಯವರೆಗೆ ಬಂದವರು ನಲವತ್ತೊಂದು ಜನ.

"ಸಾಕು ಮೇಡಂ," ಎಂದರು ಅಂಜನ್‌ಕುಮಾರ್, ಸಿಟ್ಟಿಲ್ಲದೆ. "ಆಸೆ ಪಟ್ಟಿದ್ದಕ್ಕೆ ಒಂದಿನ ಆಯ್ತು. ಮುಂದಿನ ವಾರ ಬೇಡ." ಕಾರು ಹತ್ತಿ ತುಮಕೂರಿಗೆ ಹೊರಟರು.

ಕದರಯ್ಯ ಗೇಟಿನ ಬಳಿ ಬರಿಗೈಯಲ್ಲಿ ಕೂತಿದ್ದ. ನೇತ್ರಾವತಿ ಅವನ ಪಕ್ಕ ನಿಂತಳು. ಮುಖ ನೋಡುವ ಧೈರ್ಯವಾಗಲಿಲ್ಲ.

"ಕ್ಷಮಿಸಿ ಕದರಯ್ಯನವ್ರೆ. ಲೆಕ್ಕ ಬೇಡ ಅಂತಲೇ ಹೇಳ್ತಿತ್ತು. ನಿಮ್ಮಿಬ್ಬರನ್ನ ನೋಡಿ ಆಗುತ್ತೆ ಅಂತ ಬರೆದೆ. ಕೊನೆಗೆ ಒಂದೇ ದಿನ ಓಡಿಸೋ ಹಾಗಾಯ್ತು."

ಕದರಯ್ಯ ನಿಂತುಹೋಗಿದ್ದ ವೀಲ್ ಕಡೆ ನೋಡಿದ. ಆಮೇಲೆ ದನಿಯೆತ್ತದೆ ಹೇಳಿದ:

"ಒಂದಿನವೇ ಸಾಕಾಯ್ತು ಮೇಡಂ. ಇದು ನಮ್ಮಪ್ಪ ಗುತ್ತಿಗೆಗೆ ಕೊಟ್ಟಿದ್ದ ಹೊಲ. ಏಳು ವರ್ಸ ಒಂದಿನಾನೂ ಪಾರ್ಕ್ ನಡೀದೆ ಇದ್ರೆ ನೆಲ ನಮಗೇ ವಾಪಸ್ಸು ಅಂತ ಪತ್ರದಲ್ಲೈತೆ. ಬಾಯಿ ಬುಟ್ರೆ ಸಾಹೇಬ್ರಿಗೆ ನೆಪ್ಪಾಗ್ಬುಡ್ತದೆ ಅಂತ ಸುಮ್ಕಿದ್ದೆ. ಏಳು ವರ್ಸ ತುಂಬಕ್ಕೆ ಇನ್ನು ಹನ್ನೊಂದು ದಿನ ಇತ್ತು."