ಯಜಮಾನರ ಪಥ್ಯ

ಐವತ್ತು ದಾಟುತ್ತಲೇ ಯಜಮಾನರಿಗೆ ಆಂಟಿಆಕ್ಸಿಡೆಂಟ್ ಹುಚ್ಚು ಹಿಡಿಯಿತು. ಸಂಜೆಯಾದರೆ ತಟ್ಟೆ ತುಂಬ ಬೀಟ್‌ರೂಟು, ದಾಳಿಂಬೆ, ನೆಲ್ಲಿಕಾಯಿ ಇರಲೇಬೇಕು. ಎರಡು ತುತ್ತು ಬಾಯಿಗೆ ಹಾಕಿಕೊಂಡು, "ಊಟ ಬಲ್ಲವನಿಗೆ ರೋಗವಿಲ್ಲ ಕಣೇ" ಎಂದು ಹೆಂಡತಿಗೆ ಉಪದೇಶ ಮಾಡಿ ವಾಕಿಂಗ್ ಹೊರಡುತ್ತಿದ್ದರು. ವಾಕಿಂಗು ಬೋಂಡದಂಗಡಿಯವರೆಗೆ.

ವರ್ಷ ಕಳೆದ ಮೇಲೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿದರು. ಯಜಮಾನರ ರಿಪೋರ್ಟು ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಹೆಂಡತಿಯದು ನೋಡಿ ಮುಖ ಅರಳಿತು.

"ನಿಮ್ಮದು ತುಂಬಾ ಚೆನ್ನಾಗಿದೆಯಮ್ಮ. ಏನು ತಿಂತೀರಿ?"

"ಅವಳನ್ನೇನು ಕೇಳ್ತೀರಿ ಡಾಕ್ಟ್ರೇ! ಆಂಟಿಆಕ್ಸಿಡೆಂಟ್ ಅಂದ್ರೆ ಯಾವೂರ ದಾಸಯ್ಯ ಅಂತಾಳೆ," ಎಂದರು ಯಜಮಾನರು.

ಹೆಂಡತಿ ಸೆರಗು ಸರಿಮಾಡಿಕೊಂಡಳು.

"ನನಗೇ ಅಂತ ಏನೂ ಮಾಡ್ಕೊಳಲ್ಲ ಡಾಕ್ಟ್ರೇ. ಇವರು ತಟ್ಟೇಲಿ ಬಿಟ್ಟು ಹೋಗಿದ್ದನ್ನ ಬಿಸಾಕೋಕೆ ಮನಸ್ಸು ಬರಲ್ಲ, ಅಷ್ಟೇ."