ಹಿಂದಿನ ಮನೆಯ ಮಾಲೀಕ

ಫೋನ್ ಹೊಡೆದುಕೊಳ್ಳುತ್ತಿದ್ದಂತೆ ಎತ್ತೋರೆಗೆ ಎಪ್ಪತ್ತು ವರ್ಷವಾಯಿತು. ಬೆನ್ನು ಬಗ್ಗಿಸಿದ, ಎರಡು ಸಲ ಕೆಮ್ಮಿದ, ಫೋನಿಗೆ ಟವೆಲ್ ಅಡ್ಡ ಹಿಡಿದ.

"ಹಲೋ, ಬೆರ್ತೊಲಿನಿ ಮಾತಾಡ್ತಿರೋದು," ಎಂದು ಗೊಗ್ಗರು ದನಿ ತೆಗೆದ.

ನಿಜವಾದ ವಯಸ್ಸು ಇಪ್ಪತ್ತಾರು. ಇಟಲಿಯ ಬೆರ್ಗಮೊದಿಂದ ಮೆಲ್ಬರ್ನ್‌ಗೆ ಬಂದಿಳಿದು ಮೂರು ವಾರ. ಒಂದು ವರ್ಷ ಊರು ಸುತ್ತಿಕೊಂಡು ದುಡಿಯಬಹುದೆಂಬ ವೀಸಾ ಇತ್ತು. ದುಡಿಮೆಯೂ ಇರಲಿಲ್ಲ, ಸೂರೂ ಇರಲಿಲ್ಲ. ಹಾಸ್ಟೆಲಿನಲ್ಲಿ ಅವನ ಮಂಚ ಶುಕ್ರವಾರದವರೆಗೆ ಮಾತ್ರ. ಕಾರ್ ರೇಸು ನೋಡಲು ಬರುವವರು ಖಾಲಿ ಮಂಚಗಳನ್ನೆಲ್ಲ ಮೊದಲೇ ಹಿಡಿದುಬಿಟ್ಟಿದ್ದರು. ಊರಿಗೆ ವಾಪಸು ಹೋಗೋಣವೆಂದರೆ, "ತಿಂಗಳೊಳಗೆ ಬರ್ತಾನೆ, ನೋಡ್ತಿರಿ" ಎಂದು ಅಮ್ಮ ಬೀದಿಗೆಲ್ಲ ಹೇಳಿಟ್ಟಿದ್ದಳು. ಅವಳ ಮಾತು ನಿಜ ಮಾಡುವುದಕ್ಕಿಂತ ಪಾರ್ಕಿನ ಬೆಂಚೇ ವಾಸಿ ಎನಿಸಿತ್ತು ಅವನಿಗೆ.

ಇಲ್ಲಿ ಹಿಂದಿನ ಮನೆಯ ಮಾಲೀಕನನ್ನು ಫೋನಿನಲ್ಲಿ ವಿಚಾರಿಸದೆ ಯಾರೂ ರೂಮಿನ ಬೀಗದ ಕೈ ಕೊಡುವುದಿಲ್ಲ. ಮೊನ್ನೆ ಮೊನ್ನೆ ವಿಮಾನ ಇಳಿದವನಿಗೆ ಹಿಂದಿನ ಮಾಲೀಕ ಎಲ್ಲಿಂದ ಬರಬೇಕು? ಅದಕ್ಕೇ ಹಾಸ್ಟೆಲಿನವರು ಒಬ್ಬರಿಗೊಬ್ಬರು ಮಾಲೀಕರಾಗುತ್ತಿದ್ದರು. ಮೇಲಿನ ಮಂಚದ ಕ್ಯಾಲಮ್, ಸ್ಕಾಟ್ಲೆಂಡಿನವನು, ಎತ್ತೋರೆಯ ಪಾಲಿಗೆ ಮಿಸ್ಟರ್ ವ್ಯಾಲೇಸ್. ಕ್ಯಾಲಮ್ ಪಾಲಿಗೆ ಎತ್ತೋರೆ ಮುದುಕ ಬೆರ್ತೊಲಿನಿ. ಇದಕ್ಕೆಂದೇ ಇಬ್ಬರೂ ಇನ್ನೊಂದು ಸಿಮ್ ಕೊಂಡಿದ್ದರು. ಹಾಸ್ಟೆಲಿನಲ್ಲಿ ಇನ್ನೊಂದು ಕಟ್ಟಳೆಯಿತ್ತು: ಬೀಗದ ಕೈ ಸಿಗುವ ತನಕ ರೂಮು ಎಲ್ಲಿ ಎಂದು ಹೆತ್ತ ತಾಯಿಗೂ ಹೇಳಬಾರದು. ಬಾಯಿಬಿಟ್ಟರೆ ಮರುದಿನ ಆ ಬಾಗಿಲಲ್ಲಿ ಹತ್ತು ಜನ ನಿಂತಿರುತ್ತಿದ್ದರು.

"ನಾನು ಸ್ತಾವ್ರೂಲಾ ಅಂತ, ಕೋಬರ್ಗ್ ಬಡಾವಣೆಯಿಂದ," ಎಂದಿತು ಆ ಕಡೆಯ ದನಿ. "ಕ್ಯಾಲಮ್ ಅನ್ನೋ ಹುಡುಗ ನಿಮ್ಮನೇಲಿದಾನಂತೆ?"

ಎತ್ತೋರೆ ಟವೆಲನ್ನು ಫೋನಿಗೆ ಇನ್ನಷ್ಟು ಒತ್ತಿ ಹಿಡಿದ. ಬೆಳಿಗ್ಗೆ ತಾನೇ ಈ ಹೆಂಗಸಿನ ಬೇಕರಿಯಲ್ಲಿ ಕೂತು ಬಂದಿದ್ದ.

ಒಲೆಯ ಮುಂದೆ ಕೆಲಸ, ಮಹಡಿ ಮೇಲೆ ರೂಮು, ಎರಡೂ ಒಬ್ಬನಿಗೇ. ಅವನು ಹಿಟ್ಟು ನಾದಿ ತೋರಿಸಿದ್ದ, ಆಕೆ ಕಾಫಿ ಕೊಟ್ಟಿದ್ದಳು. ಅಷ್ಟರಲ್ಲಿ ಮೇಲಿನ ರೂಮಿನಲ್ಲಿ ಯಾರೋ ಡ್ರಮ್ ಬಾರಿಸಲು ಶುರುಮಾಡಿದರು. ಚಾವಣಿಯ ಸುಣ್ಣ ಕಾಫಿಯೊಳಗೆ ಉದುರಿತು. ಅವನು ಡೀನ್, ಬೇರೆ ಮನೆ ಸಿಕ್ಕ ಕೂಡಲೇ ಖಾಲಿ ಮಾಡುತ್ತಾನೆ ಎಂದಳು ಸ್ತಾವ್ರೂಲಾ. ಆಗಲೇ ಡೀನ್ ನೋಡಿಬಂದ ಮನೆಯವರ ಫೋನೂ ಬಂತು. ಆಕೆ ಅದನ್ನು ಹಿಡಿದು ಬಾಗಿಲಾಚೆ ನಿಂತಳು.

"ಡೀನಾ? ಚಿನ್ನ ಕಣ್ರೀ, ಚಿನ್ನ! ಮನೇಲಿದಾನೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ಫೋನ್ ಇಟ್ಟು ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡಿದ್ದಳು. ಎಂಥ ದೊಡ್ಡ ಮನಸ್ಸು, ಯಾರ ಬಗ್ಗೆಯೂ ಒಂದು ಕೆಟ್ಟ ಮಾತಿಲ್ಲವಲ್ಲ ಎಂದು ಎತ್ತೋರೆ ಬೆರಗಾಗಿದ್ದ. ಇದ್ದರೆ ಇಂಥವಳ ಮನೆಯಲ್ಲಿರಬೇಕು ಎಂದುಕೊಂಡಿದ್ದ.

ಒಂದು ಗಂಟೆಯ ಹಿಂದೆ ಕ್ಯಾಲಮ್‌ಗೂ ಫೋನ್ ಬಂದಿತ್ತು. ಹಿತ್ತಲಿಗೆ ಹೋಗಿ ಅರ್ಧ ಗಂಟೆ ವ್ಯಾಲೇಸ್ ಆಗಿ ಬಂದವನ ಮುಖ ಯಾಕೋ ಸಪ್ಪಗಿತ್ತು. "ನಿಂಗೆ ಸಿಕ್ಕೇ ಸಿಗುತ್ತೆ ಕಣೋ," ಎಂದಷ್ಟೇ ಹೇಳಿ ಹೊರಗೆ ಹೋಗಿದ್ದ.

ಈಗ ನೋಡಿದರೆ ಅವನೂ ಅದೇ ರೂಮಿಗೆ ಅರ್ಜಿ ಹಾಕಿದ್ದಾನೆ! ಕ್ಯಾಲಮ್ ಗೆಳೆಯ, ನಿಜ. ಜ್ವರ ಬಂದಾಗ ಸೂಪ್ ಮಾಡಿ ಕುಡಿಸಿದವನು, ಅದೂ ನಿಜ. ಆದರೆ ಶುಕ್ರವಾರ ಅದಕ್ಕಿಂತ ನಿಜ.

"ಹೇಗೆ ಹುಡುಗ?" ಎಂದಳು ಸ್ತಾವ್ರೂಲಾ.

"ಏನು ಹೇಳ್ಲಮ್ಮ... ಒಳ್ಳೇವ್ನೇ. ಬೆಳಿಗ್ಗೆ ನಾಲ್ಕಕ್ಕೆದ್ದು ಬ್ಯಾಗ್‌ಪೈಪ್ ಊದ್ತಾನೆ, ಅಷ್ಟೇ."

"ಅಯ್ಯೋ, ದಿನಾನಾ?"

"ಭಾನುವಾರ ಎರಡು ಸಲ."

ಒಂದು ಸಲ ಬಾಯಿ ಬಿಟ್ಟ ಮೇಲೆ ಮುದುಕ ಬೆರ್ತೊಲಿನಿಯನ್ನು ತಡೆಯುವವರೇ ಇರಲಿಲ್ಲ. ಕ್ಯಾಲಮ್ ಒದ್ದೆ ಸಾಕ್ಸನ್ನು ಒಲೆಯ ಮೇಲೆ ಒಣಗಿಸಿದ, ಬಚ್ಚಲಿನ ಕೊಳವೆ ಕಟ್ಟಿಕೊಳ್ಳುವಂತೆ ಮಾಡಿದ, ಕೊನೆಗೆ ಅವನ ಕಾಟಕ್ಕೆ ಬೆರ್ತೊಲಿನಿಯ ಹನ್ನೊಂದು ವರ್ಷದ ಬೆಕ್ಕು ಮನೆ ಬಿಟ್ಟು ಹೋಯಿತು.

"ಅಷ್ಟೊಂದಾ?" ಸ್ತಾವ್ರೂಲಾ ದನಿ ಯಾಕೋ ಮೆತ್ತಗಾಯಿತು. "ಹಂಗಿದ್ರೆ ಅವನು ನಮ್ಮನೆಗೆ ಬಂದ್ರೆ ನಿಮಗೆ ಪೀಡೆ ತೊಲಗ್ತು ಅನ್ನಿ?"

"ಬೇಡಮ್ಮಾ, ಬೇಡ! ನನ್ನ ಹತ್ರಾನೇ ಇದ್ಕೊಳ್ಳಲಿ. ಇನ್ನೊಬ್ರಿಗ್ಯಾಕೆ ತೊಂದ್ರೆ?"

"ಅರ್ಥ ಆಯ್ತು ಬಿಡಿ, ಬೆರ್ತೊಲಿನಿಯವ್ರೇ," ಎಂದು ನಕ್ಕು ಫೋನ್ ಇಟ್ಟಳು.

ಎತ್ತೋರೆ ಅದೇ ಟವೆಲಿನಿಂದ ಮುಖ ಒರೆಸಿಕೊಂಡ. ನಾಚಿಕೆಯಾಯಿತು. ಆದರೂ ಬಟ್ಟೆಬರೆ ಗಂಟುಕಟ್ಟಿ ಇಟ್ಟುಕೊಂಡ.

ಮರುದಿನ ಮಧ್ಯಾಹ್ನದ ತನಕ ಅವನ ಫೋನು ತುಟಿಪಿಟಕ್ಕೆನ್ನಲಿಲ್ಲ. ಕ್ಯಾಲಮ್ ಬಂದ. ಅಂಗಿಯ ಮೇಲೆ ಹಿಟ್ಟು, ಕಂಕುಳಲ್ಲಿ ಎಳ್ಳು ಮೆತ್ತಿದ ಬಿಸಿ ಬ್ರೆಡ್ಡು, ಬೆರಳಲ್ಲಿ ಬೀಗದ ಕೈ.

"ಕೋಬರ್ಗ್ ಬೇಕರಿ ಕಣೋ," ಎಂದ. "ನಿನ್ನ ವಿಚಾರ ಕೇಳೋಕೆ ಫೋನ್ ಮಾಡಿದ್ಳಲ್ಲ, ದನಿ ಕೇಳ್ತಿದ್ದಂಗೇ ಗೊತ್ತಾಯ್ತು, ಇಬ್ಬರೂ ಒಂದೇ ರೂಮಿಗೆ ಬಿದ್ದಿದೀವಿ ಅಂತ. ನಂಗೆ ಈ ಮಂಚ ಇನ್ನೂ ಎರಡು ವಾರ ಇದೆ, ನಿಂಗೆ ಶುಕ್ರವಾರಕ್ಕೆ ಮುಗೀತು. ನಿಂಗೇ ಸಿಗ್ಲಿ ಅಂತ ಅರ್ಧ ಗಂಟೆ ಹೊಗಳ್ದೆ ಮಾರಾಯ. ದೇವರಾಣೆ, ನಮ್ಮಪ್ಪನ್ನೂ ಅಷ್ಟು ಹೊಗಳಿಲ್ಲ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಎತ್ತೋರೆಗೆ. "ಮತ್ತೆ... ನಿಂಗ್ಯಾಕೆ ಕೊಟ್ಳು?" ಎಂದ.

"ನಾನೂ ಅದನ್ನೇ ಕೇಳ್ದೆ." ಕ್ಯಾಲಮ್ ಬ್ರೆಡ್ಡು ಮುರಿದು ದೊಡ್ಡ ತುಂಡನ್ನು ಅವನ ಕೈಗಿಟ್ಟ, ಕಣ್ಣನ್ನು ಮಾತ್ರ ಅವನ ಮುಖದಿಂದ ಕೀಳಲಿಲ್ಲ.

"ಅವಳು ಹೇಳಿದ್ಳು: 'ಮಗಾ, ಮೂವತ್ತು ವರ್ಷದಿಂದ ರೂಮು ಬಾಡಿಗೆಗೆ ಕೊಡ್ತಿದೀನಿ. ನಾವು ಮಾಲೀಕರು ಸಾಗಹಾಕಬೇಕಾದೋರನ್ನ ಹೊಗಳ್ತೀವಿ, ಬಿಟ್ಟುಕೊಡೋಕೆ ಮನಸ್ಸಿಲ್ಲದೋರನ್ನ ಬೈತೀವಿ; ನಿನ್ನ ಆ ಮುದುಕ ಬೆರ್ತೊಲಿನಿ ಬ್ಯಾಗ್‌ಪೈಪ್‌ವರೆಗೂ ಹೋದ ಅಂದ್ರೆ ನೀನೆಂಥ ಚಿನ್ನ ಇರಬೇಕು!'"